ಹೊಂಗೆ ಹೂ ಬಿಡುವ ಮೊದಲು ತುಡುವೆಗೆ ಏನು ಕೊಡೋಣ?

ಬೆಂಗಳೂರಿನಲ್ಲಿ ಮಹಡಿ ಮೇಲೋ ಹಿತ್ತಲಲ್ಲೋ ಒಂದೆರಡು ಜೇನುಪೆಟ್ಟಿಗೆ ಇಟ್ಟುಕೊಂಡವರಿಗೆ ಸಂಕ್ರಾಂತಿ ಹತ್ತಿರ ಬಂದಂತೆ ಒಂದೇ ಯೋಚನೆ. ಸಕ್ಕರೆ ಪಾಕ ಕೊಡಬೇಕಾ, ಬೇಡವಾ? ಕೊಡುವುದಾದರೆ ತೆಳ್ಳಗೆ ಮಾಡಬೇಕಾ, ಗಟ್ಟಿಯಾಗಿ ಮಾಡಬೇಕಾ? ಪರಾಗದ ಬದಲಿಗೆ ಸೋಯಾ ಉಂಡೆ ಇಡಬೇಕಂತೆ, ನಿಜವಾ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಯಾವ ಪಾಕ ಅನ್ನುವುದು ಎರಡನೆಯ ಮಾತು. ಯಾಕೆ ಕೊಡುತ್ತಿದ್ದೀರಿ ಅನ್ನುವುದು ಮೊದಲನೆಯದು. ಹಸಿದ ಜೇನುಕುಟುಂಬಕ್ಕೆ, ಅಂದರೆ ಒಂದು ಪೆಟ್ಟಿಗೆಯ ಹುಳುಗಳಿಗೆಲ್ಲ, ಕೊಡುವುದು ಬೇರೆ. ಹಸಿವಿಲ್ಲದ ಕುಟುಂಬವನ್ನು ಹೂವಿನ ಕಾಲಕ್ಕೆ ಬೆಳೆಸಲು ಕೊಡುವುದು ಬೇರೆ. ಮೊದಲನೆಯದಕ್ಕೆ ತಿಥಿ, ವಾರ ನೋಡಬೇಕಾಗಿಲ್ಲ, ಇವತ್ತೇ ಕೊಡಬೇಕು. ಎರಡನೆಯದಕ್ಕೆ ಲೆಕ್ಕ ಹಾಕಿಯೇ ಕೊಡಬೇಕು. ಲೆಕ್ಕ ತಪ್ಪಿದರೆ ಸಕ್ಕರೆಯೂ ಹೋಗುತ್ತದೆ, ಕೆಲವೊಮ್ಮೆ ಜೇನೂ ಹಾರಿಹೋಗುತ್ತದೆ.

ಇಲ್ಲಿ ಬರೆಯುತ್ತಿರುವುದು ತುಡುವೆ ಜೇನಿನ ಬಗ್ಗೆ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನದೇ ಜೇನು. ಊರಾಚೆ ಕೆಲವರು ಯುರೋಪಿಯನ್ ಜೇನು ಸಾಕುತ್ತಾರೆ. ಅದರ ಕುಟುಂಬ ದೊಡ್ಡದು, ಹೊಟ್ಟೆಯೂ ದೊಡ್ಡದು. ಅಳತೆಗಳನ್ನು ಹಾಗೇ ಅದಕ್ಕೆ ಹೊಂದಿಸಬೇಡಿ. ಮುಜಂಟಿ, ಅಂದರೆ ಕುಟುಕದ ಪುಟ್ಟ ಜೇನು, ಸಾಕುವವರಿಗೂ ಈ ಅಳತೆಗಳು ಸೇರುವುದಿಲ್ಲ. ಅದಕ್ಕೆ ಒಂದು ಮುಚ್ಚಳದಷ್ಟು ಪಾಕವೇ ಜಾಸ್ತಿ.

ನಮ್ಮೂರಿನ ವಸಂತ ಯಾವಾಗ?

ಇಂಟರ್‌ನೆಟ್ಟಿನಲ್ಲಿ ಸಿಗುವ ಸಲಹೆಗಳಲ್ಲಿ ಬಹಳಷ್ಟು ಚಳಿ ದೇಶಗಳದ್ದು. ಅಲ್ಲಿ ತಿಂಗಳುಗಟ್ಟಲೆ ಜೇನು ಪೆಟ್ಟಿಗೆಯಿಂದ ಆಚೆ ಬರುವುದೇ ಇಲ್ಲ. ಒಳಗೆ ಮುದ್ದೆಯಾಗಿ ಕೂತು, ಕೂಡಿಟ್ಟ ಜೇನು ತಿಂದು ಚಳಿಗಾಲ ಕಳೆಯುತ್ತದೆ. ಮಾರ್ಚ್, ಏಪ್ರಿಲ್ ಹೊತ್ತಿಗೆ ಕಣಜ ಖಾಲಿ. ಹೂವು ಇನ್ನೂ ಸರಿಯಾಗಿ ಬಿಟ್ಟಿರುವುದಿಲ್ಲ, ಆದರೆ ರಾಣಿ ಮೊಟ್ಟೆ ಇಡಲು ಶುರು ಮಾಡಿರುತ್ತದೆ. ಅಲ್ಲಿ ವಸಂತದಲ್ಲಿ ಆಹಾರ ಕೊಡದಿದ್ದರೆ ಕುಟುಂಬ ಸಾಯಬಹುದು. ಅದಕ್ಕೇ ಅವರು ವಸಂತದಲ್ಲಿ ತೆಳು ಪಾಕ, ಶರತ್ಕಾಲದಲ್ಲಿ ಗಟ್ಟಿ ಪಾಕ, ನಡುಚಳಿಯಲ್ಲಿ ಗಟ್ಟಿ ಸಕ್ಕರೆ ಅಂತ ನಿಯಮ ಮಾಡಿಕೊಂಡಿದ್ದಾರೆ.

ನಮ್ಮಲ್ಲಿ ಹಸಿವಿನ ಕಾಲ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೂವು ಕಡಿಮೆ, ಇದ್ದ ಮಕರಂದವೂ ಮಳೆಗೆ ತೊಳೆದುಹೋಗುತ್ತದೆ. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಮಳೆ ಜಾಸ್ತಿ. ಆಮೇಲೆ ಹುಚ್ಚೆಳ್ಳು, ಅವರೆ ಹೂವು ಬರುತ್ತವೆ. ಊರ ಅಂಚಿನ ಪೆಟ್ಟಿಗೆಗಳು ಚೇತರಿಸಿಕೊಳ್ಳುತ್ತವೆ. ಜನವರಿ, ಫೆಬ್ರವರಿಯಲ್ಲಿ ಮಾವು ಹೂ ಬಿಡುತ್ತದೆ, ರಸ್ತೆ ಬದಿಯಲ್ಲಿ ಗುಲಾಬಿ ಟಬೂಬಿಯಾ ಅರಳುತ್ತದೆ. ನಿಜವಾದ ಸುಗ್ಗಿ ಮಾರ್ಚ್, ಏಪ್ರಿಲ್. ಹೊಂಗೆ, ಬೇವು, ನೇರಳೆ, ಸಿಲ್ವರ್ ಓಕ್, ಮಳೆಮರ. ಬಸವನಗುಡಿ, ಜಯನಗರದಂಥ ಹಳೆ ಬಡಾವಣೆಗಳಲ್ಲಿ ಹೊಂಗೆ ಹೂವು ಫುಟ್‌ಪಾತ್ ತುಂಬ ಉದುರಿರುತ್ತದೆ. ಆ ಹೊತ್ತಿಗೆ ಪೆಟ್ಟಿಗೆ ತುಂಬ ದುಡಿಯುವ ಜೇನು ಇದ್ದರೆ ನಮಗೂ ಒಂದಿಷ್ಟು ಜೇನು ಸಿಗುತ್ತದೆ.

ಹಾಗಾಗಿ ಚಳಿ ದೇಶದವರು ವಸಂತದಲ್ಲಿ ಮಾಡುವ ಕೆಲಸವನ್ನು ನಾವು ಎರಡು ಹೊತ್ತಿಗೆ ಹಂಚಬೇಕು. ಮಳೆ ಮುಗಿಯುವಾಗ ಬದುಕಿಸಲು ಕೊಡುವುದು ಒಂದು. ಸಂಕ್ರಾಂತಿ ಆದಮೇಲೆ ಬೆಳೆಸಲು ಕೊಡುವುದು ಇನ್ನೊಂದು.

ಕೊಡುವ ಮೊದಲು ಪೆಟ್ಟಿಗೆ ತೆರೆದು ನೋಡಿ

ಬಿಸಿಲು ಬಂದಮೇಲೆ, ಬೆಳಗ್ಗೆ ಹತ್ತರ ಹೊತ್ತಿಗೆ ಮುಚ್ಚಳ ತೆಗೆದು ಎರಡು ಚೌಕಟ್ಟು ಎತ್ತಿದರೆ ಸಾಕು. ಚೌಕಟ್ಟಿನಲ್ಲಿ ಜೇನು ಕಟ್ಟಿದ ಮೇಣದ ಹಲ್ಲೆಯೇ ಎರಿ. ಎರಿಯ ಮೇಲಂಚಿನಲ್ಲಿ ಮೇಣದಿಂದ ಮುಚ್ಚಿದ ಜೇನಿನ ಪಟ್ಟಿ ಇದೆಯಾ? ಬೆರಳಷ್ಟು ಅಗಲಕ್ಕಾದರೂ ಇದ್ದರೆ ಕುಟುಂಬ ಹಸಿದಿಲ್ಲ. ಆ ಪಟ್ಟಿಯೇ ಇಲ್ಲದೆ ಎರಿಯ ಪುಟ್ಟ ಕೋಣೆಗಳು ಒಣಗಿ ಹೊಳೆಯುತ್ತಿದ್ದರೆ ಹಸಿದಿದೆ. ಮರಿಹುಳುಗಳನ್ನು ಎಳೆದು ತಂದು ಬಾಗಿಲಲ್ಲಿ ಹಾಕುತ್ತಿದ್ದರೆ ವಿಷಯ ಗಂಭೀರ. ಆದರೆ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದಾಗಲೂ ಸತ್ತ ಮರಿಗಳು ಹೊರಗೆ ಬೀಳುತ್ತವೆ. ಎರಿಯಲ್ಲಿ ತಲೆ ಎತ್ತಿಕೊಂಡು ನೀರು ತುಂಬಿದ ಚೀಲದಂತಾದ ಮರಿ ಕಂಡರೆ ಅದು ಹಸಿವಲ್ಲ, ಆ ರೋಗ. 1991-92ರಲ್ಲಿ ಈ ವೈರಸ್ ಕರ್ನಾಟಕದ ತುಡುವೆ ಸಾಕಣೆಯನ್ನು ಹೆಚ್ಚು ಕಡಿಮೆ ನೆಲಕಚ್ಚಿಸಿತ್ತು. ಹಳಬರು ಇವತ್ತಿಗೂ ಅದನ್ನು ಮರೆತಿಲ್ಲ.

ಎರಿಯ ಜೊತೆಗೆ ಬಾಗಿಲನ್ನೂ ಹತ್ತು ನಿಮಿಷ ನೋಡಿ. ಹಿಂಗಾಲಿನಲ್ಲಿ ಪರಾಗದ ಮುದ್ದೆ ಹೊತ್ತು ಬರುವ ಜೇನು ಎಷ್ಟಿದೆ? ಈ ಒಂದು ಗುರುತು ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ರಸ್ತೆಯಲ್ಲೂ ಒಂದು ಗುರುತು ಸಿಗುತ್ತದೆ. ಕಬ್ಬಿನ ಹಾಲಿನ ಗಾಡಿ, ಬೇಕರಿ ಗಾಜಿನ ಪೆಟ್ಟಿಗೆ, ಜ್ಯೂಸ್ ಅಂಗಡಿಯ ಕಸದ ಬುಟ್ಟಿ. ಅಲ್ಲೆಲ್ಲ ಜೇನು ಮುತ್ತಿದ್ದರೆ ಆ ಪ್ರದೇಶದಲ್ಲಿ ಹೂವಿನಿಂದ ಸಾಕಷ್ಟು ಸಿಗುತ್ತಿಲ್ಲ ಅಂತ ಅರ್ಥ. ತುಡುವೆ ಹಾರುವುದು ಹೆಚ್ಚೆಂದರೆ ಒಂದೊಂದೂವರೆ ಕಿಲೋಮೀಟರ್. ನಿಮ್ಮ ಬೀದಿ, ಪಕ್ಕದ ಪಾರ್ಕು, ಹತ್ತಿರದ ಕೆರೆ ಏರಿ, ಇಷ್ಟೇ ಅದರ ಜಗತ್ತು. ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಪಕ್ಕದಲ್ಲಿರುವ ಪೆಟ್ಟಿಗೆಗೂ, ಸುತ್ತ ಬರೀ ಗಾಜಿನ ಕಟ್ಟಡಗಳಿರುವ ಕಡೆಯ ಪೆಟ್ಟಿಗೆಗೂ ಒಂದೇ ಸಲಹೆ ಕೊಟ್ಟರೆ ಹೇಗೆ ಹೊಂದುತ್ತದೆ?

ಎಲ್ಲಕ್ಕಿಂತ ಒಳ್ಳೆಯದು: ಅದರದೇ ಜೇನು

ಇದನ್ನು ಬಹಳ ಜನ ಆಯ್ಕೆ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಜೇನು ತೆಗೆಯುವಾಗ ಪೆಟ್ಟಿಗೆಯ ಮೇಲಂತಸ್ತಾದ ಜೇನುಕೋಣೆಯಿಂದ ಮಾತ್ರ ತೆಗೆಯಿರಿ. ಕೆಳಗಿನ ಮರಿಕೋಣೆಯ ಜೇನನ್ನು ಮುಟ್ಟಬೇಡಿ. ಮೇಲೂ ಒಂದೆರಡು ತುಂಬಿದ ಎರಿ ಬಿಡಿ. ಮಳೆಗಾಲಕ್ಕೆ ಅದೇ ಆಧಾರ. ಜೇನಿನಲ್ಲಿ ಸಕ್ಕರೆಯ ಜೊತೆ ಖನಿಜ, ಕಿಣ್ವ, ಸ್ವಲ್ಪ ಪರಾಗವೂ ಇರುತ್ತದೆ. ಜೇನುಹುಳು ಅದನ್ನು ಮತ್ತೆ ಪಕ್ವ ಮಾಡಬೇಕಿಲ್ಲ. ಪಾಕ ಕೊಟ್ಟರೆ ಸಕ್ಕರೆಯನ್ನು ಒಡೆಯುವ, ನೀರು ಆರಿಸುವ ಕೆಲಸವೆಲ್ಲ ಅದರ ಮೈಮೇಲೆ ಬೀಳುತ್ತದೆ. ಆ ದುಡಿತಕ್ಕೆ ಹುಳುವಿನ ಆಯಸ್ಸು ಸವೆಯುತ್ತದೆ.

ಬಲವಾದ ಪೆಟ್ಟಿಗೆಯಿಂದ ಒಂದು ಜೇನೆರಿ ತೆಗೆದು ಸೊರಗಿದ ಪೆಟ್ಟಿಗೆಗೆ ಕೊಡಬಹುದು. ಎರಡೂ ನಿಮ್ಮವೇ ಆಗಿರಬೇಕು, ಎರಡೂ ಆರೋಗ್ಯವಾಗಿರಬೇಕು. ಹುಳು ಕೊಡವಿ ಎರಿ ಮಾತ್ರ ಕೊಡಿ.

ಅಂಗಡಿ ಜೇನು ಮಾತ್ರ ಬೇಡ. "ಜೇನಿಗೆ ಜೇನೇ ಕೊಟ್ಟರೆ ಒಳ್ಳೆಯದಲ್ವಾ?" ಅಂತ ಕೇಳುವವರಿದ್ದಾರೆ. ಬಾಟಲಿಯ ಜೇನು ಎಷ್ಟೋ ಪೆಟ್ಟಿಗೆಗಳದ್ದು ಸೇರಿಸಿದ್ದು. ಮರಿ ಕೊಳೆಸುವ ರೋಗದ ಬೀಜಾಣು ಜೇನಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ನಮಗೆ ಅದರಿಂದ ಏನೂ ಆಗುವುದಿಲ್ಲ. ಜೇನುಮರಿಗೆ ಅದೇ ಸಾವು.

ತೆಳು ಪಾಕವೋ, ಗಟ್ಟಿ ಪಾಕವೋ

ತೆಳು ಪಾಕ ಅಂದರೆ ಒಂದು ಕೆಜಿ ಸಕ್ಕರೆಗೆ ಒಂದು ಲೀಟರ್ ನೀರು. ಸುಮಾರು 1.6 ಲೀಟರ್ ಪಾಕ ಆಗುತ್ತದೆ. ಗಟ್ಟಿ ಪಾಕ ಅಂದರೆ ಎರಡು ಕೆಜಿ ಸಕ್ಕರೆಗೆ ಒಂದು ಲೀಟರ್ ನೀರು. ಇದು 2.2 ಲೀಟರ್‌ನಷ್ಟು ಆಗುತ್ತದೆ. ಸಾಮಾನ್ಯ ತಾಪದಲ್ಲಿ ಒಂದು ಲೀಟರ್ ನೀರಿನಲ್ಲಿ ಕರಗುವ ಸಕ್ಕರೆಯ ಮಿತಿಯೇ ಸುಮಾರು ಎರಡು ಕೆಜಿ. ಅದಕ್ಕೇ ಗಟ್ಟಿ ಪಾಕಕ್ಕೆ ಬಿಸಿ ನೀರು ಬೇಕೇ ಬೇಕು. ಆರಿದಮೇಲೆ ತಳದಲ್ಲಿ ಹರಳು ಕಟ್ಟಿದರೆ ಗಾಬರಿ ಬೇಡ.

ಎರಡಕ್ಕೂ ಮಾಡುವ ವಿಧಾನ ಒಂದೇ. ನೀರು ಕುದಿಸಿ, ಒಲೆ ಆರಿಸಿ, ಆಮೇಲೆ ಸಕ್ಕರೆ ಹಾಕಿ ಕಲಕಿ. ಪೂರ್ತಿ ತಣ್ಣಗಾದಮೇಲೆ ಕೊಡಿ. ಸಕ್ಕರೆ ಹಾಕಿದಮೇಲೆ ಒಲೆಯ ಮೇಲೆ ಕುದಿಸುತ್ತಾ ಕೂರಬೇಡಿ. ಮಿಠಾಯಿಗೆ ಪಾಕ ಬರಿಸುವ ಹಾಗೆ ಎಳೆ ನೋಡುವುದು ಇಲ್ಲಿ ಬೇಡ. ಹೆಚ್ಚು ಕಾಯಿಸಿದ ಸಕ್ಕರೆಯಲ್ಲಿ, ಅದರಲ್ಲೂ ನಿಂಬೆಹುಳಿ ಹಿಂಡಿ ಕಾಯಿಸಿದ ಸಕ್ಕರೆಯಲ್ಲಿ, ಜೇನಿಗೆ ವಿಷವಾಗುವ ಒಂದು ಅಂಶ ಹುಟ್ಟುತ್ತದೆ. ಎಚ್‌ಎಂಎಫ್ ಅಂತ ಅದನ್ನು ಕರೆಯುತ್ತಾರೆ. ಪಾಕ ಹರಳುಗಟ್ಟದಿರಲಿ ಅಂತ ನಿಂಬೆರಸ ಹಾಕುವ ಅಡುಗೆಮನೆ ಉಪಾಯ ನಮಗೆ ಸರಿ, ಅವಕ್ಕೆ ಅಲ್ಲ.

ಈಗ ವ್ಯತ್ಯಾಸಕ್ಕೆ ಬರೋಣ. ತೆಳು ಪಾಕ ಹೂವಿನ ಮಕರಂದಕ್ಕೆ ಹತ್ತಿರ. ಅದು ದಿನಾ ಸ್ವಲ್ಪ ಸ್ವಲ್ಪ ಒಳಗೆ ಬರುತ್ತಿದ್ದರೆ ಕುಟುಂಬಕ್ಕೆ ಹೂವಿನ ಕಾಲ ಶುರುವಾಯಿತು ಅನ್ನಿಸುತ್ತದೆ. ದಾದಿ ಹುಳುಗಳು ರಾಣಿಗೆ ಚೆನ್ನಾಗಿ ಉಣಿಸುತ್ತವೆ, ರಾಣಿ ಮೊಟ್ಟೆ ಇಡುವುದು ಏರುತ್ತದೆ, ಹೊಸ ಮೇಣ ಕಟ್ಟುವುದೂ ಶುರುವಾಗುತ್ತದೆ. ಗಟ್ಟಿ ಪಾಕ ಹಾಗಲ್ಲ. ಅದನ್ನು ಕುಡಿದು ಕೋಣೆಗಳಲ್ಲಿ ತುಂಬಿಡುತ್ತವೆ. ಆರಿಸಬೇಕಾದ ನೀರು ಕಡಿಮೆ, ದಾಸ್ತಾನು ಬೇಗ ಆಗುತ್ತದೆ. ಹಾಗಾಗಿ ಬೆಳೆಸಲು ತೆಳು, ಕೂಡಿಡಲು ಗಟ್ಟಿ. ಇಷ್ಟರ ಮಟ್ಟಿಗೆ ಚಳಿ ದೇಶದ ನಿಯಮ ನಮಗೂ ಒಪ್ಪುತ್ತದೆ.

ಬದಲಾಗುವುದು ಹೊತ್ತು. ಬೆಂಗಳೂರಿನ ಸೆಪ್ಟೆಂಬರ್‌ನಲ್ಲಿ ಗಾಳಿಯಲ್ಲೇ ತೇವ. ಪೆಟ್ಟಿಗೆಯೊಳಗೂ ತೇವ. ಆಗ ತೆಳು ಪಾಕ ಕೊಟ್ಟರೆ ಆರಿಸಲು ಒದ್ದಾಡುತ್ತವೆ, ಪಾಕ ಹುಳಿಯುತ್ತದೆ. ಮಳೆಯ ದಿನಗಳಿಗೆ ಗಟ್ಟಿ ಪಾಕವೇ ನನ್ನ ಆಯ್ಕೆ. ತುಡುವೆಗೆ ಸಾಮಾನ್ಯವಾಗಿ ಹೇಳುವ ಅಳತೆ ಕುಟುಂಬಕ್ಕೆ ವಾರಕ್ಕೆ 200 ಗ್ರಾಂ ಸಕ್ಕರೆ. ಸಕ್ಕರೆಯ ತೂಕ ಅದು, ಪಾಕದ್ದಲ್ಲ. ತೀರಾ ಹಸಿದಿದ್ದರೆ ಮೊದಲ ವಾರ ಎರಡು ಸಲ ಕೊಡಿ.

ಜನವರಿ, ಫೆಬ್ರವರಿಯ ಒಣ ಹವೆಯಲ್ಲಿ ತೆಳು ಪಾಕ ಸರಿ. ದಿನ ಬಿಟ್ಟು ದಿನ 100 ಮಿಲಿಲೀಟರ್‌ನಷ್ಟು, ಸಂಜೆ ಕತ್ತಲಾಗುವಾಗ. ಒಂದೇ ಸಲ ಲೀಟರ್ ಸುರಿದರೆ ಅದು ಬೆಳೆಸುವ ಆಹಾರ ಆಗುವುದಿಲ್ಲ. ಖಾಲಿ ಇದ್ದ ಕೋಣೆಗಳೆಲ್ಲ ಪಾಕದಿಂದ ತುಂಬಿ ರಾಣಿಗೆ ಮೊಟ್ಟೆ ಇಡಲು ಜಾಗವೇ ಇಲ್ಲದಂತಾಗುತ್ತದೆ. ಜಾಗ ಕಡಿಮೆಯಾದರೆ ತುಡುವೆ ಪಾಲಾಗಿ ಹೊರಡುತ್ತದೆ. ಅರ್ಧ ಕುಟುಂಬ ಪಕ್ಕದ ಮನೆ ಮೀಟರ್ ಬೋರ್ಡಿನ ಡಬ್ಬಿಯಲ್ಲಿ ಹೋಗಿ ಕೂರುತ್ತದೆ.

ಆರು ವಾರದ ಲೆಕ್ಕ

ತುಡುವೆಯ ಕೆಲಸಗಾರ ಹುಳು ಮೊಟ್ಟೆಯಿಂದ ಹೊರಬರಲು 19-20 ದಿನ ಬೇಕು. ಬಂದಮೇಲೆ ಎರಡು ಮೂರು ವಾರ ಒಳಗಿನ ಕೆಲಸ. ಕೋಣೆ ಗುಡಿಸುವುದು, ಮರಿಗೆ ಉಣಿಸುವುದು, ಮೇಣ ಕಟ್ಟುವುದು. ಆಮೇಲೆ ಹೂವಿಗೆ ಹಾರುತ್ತದೆ. ಅಂದರೆ ಇವತ್ತು ಇಟ್ಟ ಮೊಟ್ಟೆ ಮಕರಂದ ತರುವುದು ಸುಮಾರು ಆರು ವಾರ ಕಳೆದಮೇಲೆ.

ಹೊಂಗೆ ನಿಮ್ಮ ಬೀದಿಯಲ್ಲಿ ಮಾರ್ಚ್ ಕೊನೆಗೆ ಅರಳುತ್ತದೆ ಅಂದುಕೊಳ್ಳಿ. ಆರು ವಾರ ಹಿಂದಕ್ಕೆ ಎಣಿಸಿದರೆ ಫೆಬ್ರವರಿ ಮಧ್ಯ. ರಾಣಿ ವೇಗ ಹಿಡಿಯಲು ಇನ್ನೊಂದೆರಡು ವಾರ ಸೇರಿಸಿ. ಜನವರಿ ಕೊನೆಯ ವಾರ ಶುರು ಮಾಡಿದರೆ ಸರಿಹೋಗುತ್ತದೆ. ಸಂಕ್ರಾಂತಿ ಎಳ್ಳು ಬೆಲ್ಲ ಹಂಚಿ ಮುಗಿಸಿ, ಒಂದು ಭಾನುವಾರ ಪೆಟ್ಟಿಗೆ ತೆರೆದು ನೋಡಿ ತೀರ್ಮಾನ ಮಾಡಿ. ಮಾರ್ಚ್ ಹತ್ತಕ್ಕೆ ಪಾಕ ಶುರು ಮಾಡುವವರೂ ಇದ್ದಾರೆ. ಆ ಪಾಕದಿಂದ ಹುಟ್ಟುವ ಹುಳು ಹಾರಲು ಸಿದ್ಧವಾಗುವ ಹೊತ್ತಿಗೆ ಹೊಂಗೆ ಹೂವು ಉದುರಿ ರಸ್ತೆ ಸೇರಿರುತ್ತದೆ. ಆಮೇಲೆ ಆ ದೊಡ್ಡ ಕುಟುಂಬ ಮಳೆಗಾಲಕ್ಕೆ ಕಾಲಿಡುತ್ತದೆ, ತಿನ್ನುವ ಬಾಯಿ ಮಾತ್ರ ಜಾಸ್ತಿ.

ಬೇಗ ಶುರು ಮಾಡಿದರೂ ತೊಂದರೆಯೇ. ಡಿಸೆಂಬರ್‌ನಲ್ಲೇ ಉಬ್ಬಿಸಿದ ಕುಟುಂಬ ಫೆಬ್ರವರಿಗೆ ಪಾಲಾಗುತ್ತದೆ, ಇಲ್ಲವಾದರೆ ಹೂವು ಬರುವವರೆಗೂ ನೀವು ಪಾಕ ಎರೆಯುತ್ತಲೇ ಇರಬೇಕು. ನಡುವೆ ನಿಲ್ಲಿಸಿದರೆ ಮರಿಗಳೆಲ್ಲ ಹಸಿದು ಸಾಯುತ್ತವೆ. ಬೆಳೆಸಲು ಅಂತ ಒಮ್ಮೆ ಕೈ ಹಾಕಿದರೆ ನಡುವೆ ವಾರಗಟ್ಟಲೆ ಊರಿಗೆ ಹೋಗುವ ಹಾಗಿಲ್ಲ. ಅಷ್ಟು ಬಿಡುವಿಲ್ಲದವರು ಈ ಕೆಲಸಕ್ಕೇ ಹೋಗದಿರುವುದು ಮೇಲು. ಸುಮ್ನೆ ಬಿಟ್ಟ ಆರೋಗ್ಯವಾದ ಕುಟುಂಬ ತನ್ನ ವೇಗದಲ್ಲಿ ತಾನೇ ಬೆಳೆಯುತ್ತದೆ. ಸ್ವಲ್ಪ ಜೇನು ಕಡಿಮೆ ಬರಬಹುದು, ಅಷ್ಟೇ.

ಮರಗಳನ್ನೇ ನೋಡಿ ಹೊತ್ತು ತಿಳಿಯುವುದು ಇನ್ನೂ ಒಳ್ಳೆಯದು. ಹೊಂಗೆ ಹಳೆ ಎಲೆ ಉದುರಿಸಿ ಹೊಳೆಯುವ ಹಸಿರು ಚಿಗುರು ಬಿಟ್ಟಿತು ಅಂದರೆ ಮೊಗ್ಗು ದೂರವಿಲ್ಲ. ಆಗ ಬೆಳೆಸುವ ಪಾಕ ಮುಗಿಸಿರಬೇಕು, ಶುರು ಮಾಡುವುದಲ್ಲ. ನಿಮ್ಮ ಬೀದಿಯ ಮರಗಳ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟರೆ ಮುಂದಿನ ವರ್ಷಕ್ಕೆ ಯಾವ ಪುಸ್ತಕಕ್ಕಿಂತಲೂ ಹೆಚ್ಚು ಉಪಯೋಗ.

ಒಣ ಸಕ್ಕರೆ

ಚಳಿ ದೇಶದಲ್ಲಿ ಸಕ್ಕರೆ ಗಟ್ಟಿ ಇಡುವುದು ಪಾಕ ತೀರಾ ತಣ್ಣಗಾಗಿ ಜೇನು ಮುಟ್ಟದಿರುವ ಕಾರಣಕ್ಕೆ. ನಮ್ಮ ಚಳಿಯಲ್ಲಿ ಆ ಸಮಸ್ಯೆ ಇಲ್ಲ. ಒಣ ಸಕ್ಕರೆಯನ್ನು ಕರಗಿಸಲು ಜೇನು ನೀರು ಹೊತ್ತು ತರಬೇಕು. ಬಿಸಿಲುಗಾಲದಲ್ಲಿ ಅದು ಅನ್ಯಾಯದ ದುಡಿತ. ಬಿಡಿ ಸಕ್ಕರೆಯನ್ನು ಕೆಲವು ಕುಟುಂಬಗಳು ಕಸ ಅಂತ ಎತ್ತಿ ಹೊರಗೆ ಹಾಕುವುದೂ ಉಂಟು. ಒಂದು ವಾರ ಊರಲ್ಲಿಲ್ಲ, ಹೊರಗೆ ಬಿಡದ ಮಳೆ, ಪೆಟ್ಟಿಗೆ ಹಗುರ. ಅಂಥ ಹೊತ್ತಿಗೆ ಸಕ್ಕರೆಯನ್ನು ಸ್ವಲ್ಪವೇ ನೀರು ಚಿಮುಕಿಸಿ ಮುದ್ದೆ ಮಾಡಿ ಕಾಗದದ ಮೇಲೆ ಚೌಕಟ್ಟುಗಳ ನೆತ್ತಿಗೆ ಇಡಬಹುದು. ಬೇರೆ ಹೊತ್ತಿನಲ್ಲಿ ನಾನು ಇದನ್ನು ಆರಿಸುವುದಿಲ್ಲ.

ಪರಾಗಕ್ಕೆ ಬದಲಿ ಬೇಕಾ?

ಪಾಕ ಬರೀ ಶಕ್ತಿ ಕೊಡುತ್ತದೆ. ಮರಿಯ ಮೈ ಕಟ್ಟುವುದು ಪರಾಗ. ಪರಾಗ ಇಲ್ಲದೆ ಪಾಕ ಎಷ್ಟು ಸುರಿದರೂ ದಾದಿ ಹುಳುಗಳು ತಮ್ಮ ಮೈಯಲ್ಲಿದ್ದ ಸಾರವನ್ನೇ ಹಿಂಡಿ ಮರಿಗೆ ಉಣಿಸುತ್ತವೆ. ಸ್ವಲ್ಪ ದಿನಕ್ಕೆ ಅವೂ ಸೊರಗುತ್ತವೆ. ಬೆಳೆಸುವ ಪಾಕ ಶುರು ಮಾಡುವ ಮೊದಲು ಬಾಗಿಲಲ್ಲಿ ಪರಾಗ ಬರುತ್ತಿದೆಯಾ ನೋಡಿ ಅಂದದ್ದು ಇದಕ್ಕೇ.

ನಮ್ಮೂರಿನಲ್ಲಿ ಪರಾಗಕ್ಕೆ ಬರ ಬರುವುದು ಅಪರೂಪ. ತೆಂಗು ವರ್ಷವಿಡೀ ಹೂ ಬಿಡುತ್ತದೆ. ಖಾಲಿ ಸೈಟುಗಳಲ್ಲಿ ಮುಟ್ಟಿದರೆ ಮುನಿ ಇದೆ, ಪಾರ್ಥೇನಿಯಂ ಕೂಡ ಇದೆ. ಕಾಂಪೌಂಡಿನ ಮೇಲೆ ಹಬ್ಬುವ ಗುಲಾಬಿ ಬಣ್ಣದ ಆಂಟಿಗೋನಾನ್ ಬಳ್ಳಿ ಇದ್ದರಂತೂ ಜೇನಿಗೆ ಹಬ್ಬ. ಹಾಗಾಗಿ ಜನವರಿಯಲ್ಲಿ ಹೆಚ್ಚಿನ ಪೆಟ್ಟಿಗೆಗಳಿಗೆ ಸೋಯಾ ಉಂಡೆ ಬೇಕಾಗುವುದಿಲ್ಲ. ದುಡ್ಡು ಕೊಟ್ಟು ತಂದಿಟ್ಟದ್ದನ್ನು ಅವು ಮೂಸಿಯೂ ನೋಡುವುದಿಲ್ಲ. ಮುಟ್ಟದೆ ಉಳಿದ ಉಂಡೆಯಲ್ಲಿ ಬೂಸ್ಟು ಬರುತ್ತದೆ, ಎರಿ ಹಾಳು ಮಾಡುವ ಮೇಣದ ಪತಂಗ ಮೊಟ್ಟೆ ಇಡುತ್ತದೆ.

ನಿಜವಾಗಿ ಬೇಕಾಗುವುದು ವಾರಗಟ್ಟಲೆ ಬಿಡದೆ ಮಳೆ ಹಿಡಿದಾಗ, ಅಥವಾ ಸುತ್ತ ಹಸಿರೇ ಇಲ್ಲದ ಕಡೆ. ಆಗ ಹಳೆಯ, ನಂಬಬಹುದಾದ ಅಳತೆ ಇದು. ಎಣ್ಣೆ ತೆಗೆದ ಸೋಯಾ ಹಿಟ್ಟು ಮೂರು ಪಾಲು, ಬ್ರೂವರ್ಸ್ ಯೀಸ್ಟ್ ಒಂದು ಪಾಲು, ಕೆನೆ ತೆಗೆದ ಹಾಲಿನ ಪುಡಿ ಒಂದು ಪಾಲು. ಗಟ್ಟಿ ಪಾಕದಲ್ಲಿ ಚಪಾತಿ ಹಿಟ್ಟಿನ ಹದಕ್ಕೆ ಕಲಸಿ. ಸೋಯಾ ಹಸಿಯಾಗಿರಬಾರದು, ಹುರಿದದ್ದೋ ಬಿಸಿ ಮಾಡಿದ್ದೋ ಆಗಿರಬೇಕು. ಹಸಿ ಸೋಯಾದಲ್ಲಿ ಪ್ರೊಟೀನು ಜೀರ್ಣವಾಗದಂತೆ ತಡೆಯುವ ಅಂಶ ಇದೆ. ಹಾಲಿನ ಪುಡಿ ಹೇಳಿದ್ದಕ್ಕಿಂತ ಜಾಸ್ತಿ ಹಾಕಬೇಡಿ. ಹಾಲಿನ ಸಕ್ಕರೆ ಜೇನಿಗೆ ಅರಗುವುದಿಲ್ಲ. ಬ್ರೆಡ್ಡಿಗೆ ಹಾಕುವ ಯೀಸ್ಟ್ ಜೀವಂತ ಇರುತ್ತದೆ, ಅದು ಬೇರೆಯೇ ವಸ್ತು, ಬೇಡ. ನಿಂಬೆಹಣ್ಣಿನಷ್ಟು ಉಂಡೆಯನ್ನು ಚಪ್ಪಟೆ ತಟ್ಟಿ, ಬಟರ್ ಪೇಪರಿನ ನಡುವೆ ಇಟ್ಟು, ಮರಿ ಇರುವ ಎರಿಗಳ ಮೇಲೆಯೇ ಇಡಿ. ಮೂರು ದಿನಕ್ಕೆ ಮುಟ್ಟಿರದಿದ್ದರೆ ತೆಗೆದುಬಿಡಿ.

ಇವು ಬೇಡವೇ ಬೇಡ

ಬೆಲ್ಲ. ನಮಗೆ ಸಕ್ಕರೆಗಿಂತ ಬೆಲ್ಲ ಒಳ್ಳೆಯದು ಅನ್ನುವ ನಂಬಿಕೆಯಿಂದ ಪ್ರೀತಿಯಿಂದಲೇ ಕೊಡುತ್ತಾರೆ. ಬೆಲ್ಲದಲ್ಲಿರುವ ಖನಿಜ ಮತ್ತು ಕಶ್ಮಲ ಜೇನಿನ ಹೊಟ್ಟೆಗೆ ಆಗುವುದಿಲ್ಲ, ಭೇದಿ ಶುರುವಾಗುತ್ತದೆ. ಕಂದು ಸಕ್ಕರೆಯೂ ಅಷ್ಟೇ. ಸಾದಾ ಬಿಳಿ ಸಕ್ಕರೆಯೇ ಸುರಕ್ಷಿತ. ಕೇಕಿಗೆ ಹಾಕುವ ಪುಡಿ ಸಕ್ಕರೆಯಲ್ಲಿ ಮೆಕ್ಕೆಜೋಳದ ಹಿಟ್ಟು ಬೆರೆಸಿರುತ್ತಾರೆ, ಅದೂ ಬೇಡ. ಕಬ್ಬಿನ ಹಾಲು ಗಂಟೆಗಳಲ್ಲಿ ಹುಳಿಯುತ್ತದೆ. ಪಾಕಕ್ಕೆ ಆಂಟಿಬಯೋಟಿಕ್ ಮಾತ್ರೆ ಪುಡಿ ಮಾಡಿ ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಥಾಯ್ ಸ್ಯಾಕ್‌ಬ್ರೂಡ್ ವೈರಸ್ಸಿನ ರೋಗ, ಅದಕ್ಕೆ ಆಂಟಿಬಯೋಟಿಕ್ ನಾಟುವುದಿಲ್ಲ. ಮಾತ್ರೆಯ ಅಂಶ ಮಾತ್ರ ನಾಳೆ ನಿಮ್ಮ ಜೇನಿನಲ್ಲಿ ಉಳಿಯುತ್ತದೆ.

ಯಾವುದರಲ್ಲಿ ಇಡುವುದು

ತೆಂಗಿನ ಕರಟ ನಮ್ಮ ಕಡೆಯ ಹಳೆ ಪದ್ಧತಿ. ಖಾಲಿ ಜೇನುಕೋಣೆಯೊಳಗೆ, ಚೌಕಟ್ಟುಗಳ ಮೇಲೆ ಕರಟ ಇಟ್ಟು ಪಾಕ ಹಾಕಿ, ಮೇಲೆ ಒಣ ಕಡ್ಡಿ ಅಥವಾ ಹುಲ್ಲಿನ ಚೂರು ತೇಲಿಬಿಡುವುದು. ದಿನ ಬಿಟ್ಟು ದಿನದ 100 ಮಿಲಿಲೀಟರ್‌ಗೆ ಇದಕ್ಕಿಂತ ಸರಳವಾದದ್ದಿಲ್ಲ. ಕಡ್ಡಿ ಹಾಕದಿದ್ದರೆ ಹುಳುಗಳು ಮುಳುಗಿ ಸಾಯುತ್ತವೆ. ಹಳೆ ಪಾಕದ ಮೇಲೆ ಹೊಸದು ಸುರಿಯಬೇಡಿ, ಪ್ರತಿ ಸಲ ತೊಳೆಯಿರಿ. ನಮ್ಮ ಸೆಕೆಗೆ ತೆಳು ಪಾಕ ಎರಡು ಮೂರು ದಿನದಲ್ಲೇ ಹುಳಿವಾಸನೆ ಹೊಡೆಯುತ್ತದೆ.

ಮುಚ್ಚಳಕ್ಕೆ ಸೂಜಿತೂತು ಮಾಡಿ ಬೋರಲು ಹಾಕುವ ಬಾಟಲಿ ಮರದ ನೆರಳಲ್ಲಿ ಚೆನ್ನಾಗಿ ನಡೆಯುತ್ತದೆ. ಬಿಸಿಲು ಬೀಳುವ ಟೆರೇಸಿನಲ್ಲಿ ಬೇಡ. ಮಧ್ಯಾಹ್ನದ ಕಾವಿಗೆ ಬಾಟಲಿಯೊಳಗಿನ ಗಾಳಿ ಹಿಗ್ಗಿ ಪಾಕವನ್ನು ಕೆಳಕ್ಕೆ ತಳ್ಳುತ್ತದೆ. ಮರಿಗಳ ಮೇಲೆ ಸುರಿಯುತ್ತದೆ, ಅಡಿಹಲಗೆಯಿಂದ ಹರಿದು ಇರುವೆಗೆ ದಾರಿಯಾಗುತ್ತದೆ. ಜಿಪ್ ಇರುವ ಪ್ಲಾಸ್ಟಿಕ್ ಚೀಲವನ್ನು ಮಲಗಿಸಿ, ಮೇಲುಗಡೆ ನಾಲ್ಕಾರು ಸೂಜಿತೂತು ಮಾಡಿದರೆ ಈ ತೊಂದರೆ ಇಲ್ಲ. ಮಳೆಗಾಲದ ಗಟ್ಟಿ ಪಾಕಕ್ಕೆ ಇದು ಅನುಕೂಲ. ಚೌಕಟ್ಟಿನ ಆಕಾರದ ಫೀಡರ್‌ನಲ್ಲಿ ಬಹಳ ಪಾಕ ಹಿಡಿಸುತ್ತದೆ, ಆದರೆ ಒಂದು ಎರಿಯ ಜಾಗ ತಿನ್ನುತ್ತದೆ. ಪುಟ್ಟ ತುಡುವೆ ಪೆಟ್ಟಿಗೆಯಲ್ಲಿ ಅದು ಸಣ್ಣ ಜಾಗವಲ್ಲ.

ಬಾಗಿಲಲ್ಲಿ ಇಡುವ ಫೀಡರ್ ಮತ್ತು ತಟ್ಟೆಯಲ್ಲಿ ಬಯಲಲ್ಲಿ ಇಡುವುದು, ಇವೆರಡೂ ಬೆಂಗಳೂರಿಗೆ ಹೇಳಿದ್ದಲ್ಲ. ಪಾಕದ ವಾಸನೆಗೆ ಬೇರೆ ಕುಟುಂಬಗಳು ಬಂದು ಬಲವಿಲ್ಲದ ಪೆಟ್ಟಿಗೆಯನ್ನು ದೋಚುತ್ತವೆ. ರೋಗವಿದ್ದ ಜೇನು, ಇಲ್ಲದ ಜೇನು ಒಂದೇ ತಟ್ಟೆಯಲ್ಲಿ ಕುಡಿಯುತ್ತವೆ. ಎದುರು ಅಪಾರ್ಟ್‌ಮೆಂಟಿನ ಹೆಜ್ಜೇನೂ ಇಳಿಯುತ್ತದೆ. ಆಮೇಲೆ ಪಕ್ಕದ ಮನೆಯವರು ಬಂದು, "ಏನ್ರೀ, ಮಹಡಿ ಮೇಲೆ ಸಕ್ಕರೆ ಇಡ್ತೀರಂತೆ, ಮಕ್ಕಳಿರೋ ಮನೆ ಇದು" ಅಂತ ಕೇಳಿದರೆ ಅವರ ಮಾತು ನ್ಯಾಯವೇ. ಪೆಟ್ಟಿಗೆಯೊಳಗೆ, ಸಂಜೆ, ಒಂದು ಹನಿಯೂ ಚೆಲ್ಲದೆ ಕೊಟ್ಟರೆ ಅವರಿಗೆ ಗೊತ್ತೂ ಆಗುವುದಿಲ್ಲ. ಕೊಡುವ ದಿನಗಳಲ್ಲಿ ಬಾಗಿಲನ್ನು ಎರಡು ಹುಳು ಹೋಗುವಷ್ಟಕ್ಕೆ ಕಿರಿದು ಮಾಡಿ. ಸ್ಟ್ಯಾಂಡಿನ ಕಾಲುಗಳು ನೀರಿನ ಬಟ್ಟಲಲ್ಲಿರಲಿ. ಪಾಕಕ್ಕೆ ಮೊದಲು ಬರುವುದು ಇರುವೆಯೇ.

ಫೆಬ್ರವರಿಯಿಂದಾಚೆ ಎಷ್ಟೋ ಪೆಟ್ಟಿಗೆಗಳಿಗೆ ಪಾಕಕ್ಕಿಂತ ನೀರು ಮುಖ್ಯ. ಮರಿಗೆ ಉಣಿಸಲೂ, ಗೂಡು ತಂಪಾಗಿಸಲೂ ನೀರು ಬೇಕು. ಮಣ್ಣಿನ ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿ ನೀರು ತುಂಬಿ ನೆರಳಲ್ಲಿಡಿ. ಪಕ್ಕದವರ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋಗುವುದು ತಪ್ಪುತ್ತದೆ.

ನಿಮ್ಮ ಪೆಟ್ಟಿಗೆಗೆ ಯಾವುದು?

ಜನವರಿ ಕೊನೆಯಲ್ಲಿ ತೆರೆದು ನೋಡಿದಾಗ ಐದಾರು ಎರಿ ತುಂಬ ಹುಳು, ಮೇಲಂಚಿನಲ್ಲಿ ಜೇನು, ಬಾಗಿಲಲ್ಲಿ ಪರಾಗ ಇದ್ದರೆ ಏನೂ ಕೊಡಬೇಡಿ. ಬಲವಾದ ಕುಟುಂಬಕ್ಕೆ ಪಾಕ ಕೊಟ್ಟರೆ ಪಾಲಾಗುವುದಕ್ಕೆ ನೀವೇ ದಾರಿ ಮಾಡಿಕೊಟ್ಟ ಹಾಗೆ. ಜಾಗ ಕೊಡಿ, ಆಗಾಗ ರಾಣಿಕೋಣೆ, ಅಂದರೆ ಹೊಸ ರಾಣಿಯನ್ನು ಬೆಳೆಸುವ ಕೋಣೆ, ಕಟ್ಟುತ್ತಿದೆಯಾ ನೋಡಿ.

ಮೂರು ನಾಲ್ಕು ಎರಿಯಲ್ಲಿ ಹುಳು, ಮೊಟ್ಟೆ ಇಡುವ ರಾಣಿ, ಪರಾಗ ಬರುತ್ತಿದೆ, ಆದರೆ ಜೇನಿನ ಪಟ್ಟಿ ತೆಳ್ಳಗಿದೆ. ಬೆಳೆಸುವ ತೆಳು ಪಾಕ ಇಂಥ ಪೆಟ್ಟಿಗೆಗೇ ಇರುವುದು. ಮೂರು ನಾಲ್ಕು ವಾರ ಕೊಡಿ. ಖಾಲಿ ಎರಿಗಳನ್ನು ತೆಗೆದಿಟ್ಟು, ಹುಳು ಮುಚ್ಚಿಕೊಳ್ಳುವಷ್ಟೇ ಒಳಗೆ ಬಿಡಿ. ಹುಳುವಿಲ್ಲದ ಎರಿ ಮೇಣದ ಪತಂಗದ ಪಾಲು.

ಎರಡೇ ಎರಿ, ಒಣಗಿದ ಕೋಣೆಗಳು, ಹುಳುಗಳು ಸುಮ್ಮನೆ ಅತ್ತಿತ್ತ ಓಡಾಡುತ್ತಿವೆ. ಇದು ಪರಾರಿಯಾಗುವ ಲಕ್ಷಣ. ತುಡುವೆ ಹಸಿವು ತಡೆದು ಕೂರುವ ಜಾತಿಯಲ್ಲ, ಎರಿ ಬಿಟ್ಟು ಪೂರ್ತಿ ಕುಟುಂಬ ಎದ್ದು ಹೋಗುತ್ತದೆ. ಅಂದೇ ಸಂಜೆ ಗಟ್ಟಿ ಪಾಕ ಕೊಡಿ, ಇದ್ದರೆ ಇನ್ನೊಂದು ಪೆಟ್ಟಿಗೆಯ ಜೇನೆರಿ ಕೊಡಿ. ರಾಣಿಯೇ ಇಲ್ಲದಿದ್ದರೆ ಯಾವ ಪಾಕವೂ ಉಳಿಸುವುದಿಲ್ಲ, ಬೇರೆ ಕುಟುಂಬದ ಜೊತೆ ಸೇರಿಸುವುದೇ ದಾರಿ. ಅನುಮಾನವಿದ್ದರೆ ಜಿಕೆವಿಕೆಯ ಜೇನು ವಿಭಾಗಕ್ಕೋ ತೋಟಗಾರಿಕೆ ಇಲಾಖೆಗೋ ಹೋಗಿ ಕೇಳಿ, ಎರಿಯ ಫೋಟೊ ತೆಗೆದುಕೊಂಡು ಹೋಗಿ.

ಯಾವ ಪೆಟ್ಟಿಗೆಯಾದರೂ ಜೇನುಕೋಣೆ ಏರಿಸುವ ಎರಡು ವಾರ ಮೊದಲೇ ಪಾಕ ನಿಲ್ಲಿಸಿ. ಮಾರ್ಚ್ ಮೊದಲ ವಾರ ದಾಟಿಸಬೇಡಿ. ನಿಲ್ಲಿಸದಿದ್ದರೆ ಪಾಕವೇ ಮೇಲೇರಿ ಎರಿಯಲ್ಲಿ ಕೂರುತ್ತದೆ. ನೋಡಲು ಜೇನಿನಂತೆಯೇ ಇರುತ್ತದೆ, ಜೇನಲ್ಲ. ಕಬ್ಬಿನ ಸಕ್ಕರೆ ಬೆರೆತಿದೆಯಾ ಅನ್ನುವುದನ್ನು ಪ್ರಯೋಗಾಲಯದಲ್ಲಿ ಇಂಗಾಲದ ಪರೀಕ್ಷೆ ಮಾಡಿ ಹಿಡಿಯಬಹುದು. ಪರೀಕ್ಷೆ ಮಾತು ಬಿಡಿ, ಮನೆಯ ಮಗುವಿಗೂ ನೆರೆಯವರಿಗೂ ಜೇನು ಅಂತ ಕೊಡುವ ಬಾಟಲಿ ಅದು. ಆ ಎರಡು ವಾರದಲ್ಲಿ ಮಳೆ ಬಂದು ಕುಟುಂಬ ಹಸಿದರೆ ಮತ್ತೆ ಪಾಕ ಕೊಡಿ, ಆದರೆ ಜೇನುಕೋಣೆ ಏರಿಸುವುದನ್ನು ಅಷ್ಟು ದಿನ ಮುಂದಕ್ಕೆ ಹಾಕಿ.